ಕೋಲೆ, ಕೋಲೆ: ರೋಮಿನವನು ಕಂಡ ಇಕ್ಕೇರಿ

ಊರು ನೋಡಲು ಬಂದವನು ಊರನ್ನೇ ಬರೆದಿಟ್ಟು ಹೋದ. 1623ರ ನವೆಂಬರಿನಲ್ಲಿ ಇಕ್ಕೇರಿಯ ಬೀದಿ ಸುತ್ತಿದ ಪಿಯೆತ್ರೊ ದೆಲ್ಲಾ ವಾಲ್ಲೆಯ ಕಾಗದಗಳಲ್ಲಿ ಕೋಲಾಟದ ಹುಡುಗಿಯರಿದ್ದಾರೆ, ಮರಳಲ್ಲಿ ಮಗ್ಗಿ ಬರೆಯುವ ಹುಡುಗರಿದ್ದಾರೆ, ಚಿತೆಗೆ ಅಣಿಯಾದ ಜಕ್ಕಮ್ಮನಿದ್ದಾಳೆ. ನಾವು ಬರೆದುಕೊಳ್ಳದ ನಮ್ಮ ಊರು ಪರದೇಶಿಯ ಕೈಬರಹದಲ್ಲಿ ಉಳಿದ ಕಥೆ ಇದು.

ಹೊತ್ತು ಮುಳುಗಿದೆ. ಅರಮನೆಯ ಕಡೆ ಹೋಗುವ ಬೀದಿಯಲ್ಲಿ ಡೋಲಿನ ಸದ್ದು. ಹುಡುಗಿಯರ ಹಿಂಡೊಂದು ಬರುತ್ತಿದೆ. ಮೈಮೇಲೆ ರೇಷ್ಮೆ, ತಲೆತುಂಬ ಹೂವು. ಒಬ್ಬೊಬ್ಬಳ ಕೈಯಲ್ಲೂ ಬಣ್ಣ ಹಚ್ಚಿದ ಎರಡೆರಡು ಕೋಲು, ಗೇಣುದ್ದಕ್ಕಿಂತ ಚೂರು ಹೆಚ್ಚು. ತಾಳಕ್ಕೆ ಸರಿಯಾಗಿ ಕೋಲಿಗೆ ಕೋಲು ತಾಗುತ್ತದೆ. ಚೆನ್ನಾಗಿ ಹಾಡಬಲ್ಲ ಒಬ್ಬಳು ಒಂದು ನುಡಿ ಎತ್ತುತ್ತಾಳೆ. ಅದು ಮುಗಿದದ್ದೇ ತಡ, ಉಳಿದವರೆಲ್ಲ ಏಳೆಂಟು ಸಲ ಒಂದೇ ಮಾತು: ಕೋಲೆ, ಕೋಲೆ, ಕೋಲೆ.

ಬೀದಿಯ ಬದಿಗೆ ನಿಂತು ನೋಡುತ್ತಿದ್ದವನಿಗೆ ಕನ್ನಡ ಬರುತ್ತಿರಲಿಲ್ಲ. ವಯಸ್ಸು ಮೂವತ್ತೇಳು, ಊರು ರೋಮ್. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಇಟಲಿಯ ಅಕ್ಷರದಲ್ಲಿ ಬರೆದುಕೊಂಡ. ಆ ಮಾತಿನ ಅರ್ಥ ತನಗೆ ತಿಳಿಯದು, ಸಂತೋಷಕ್ಕೆ ಹೇಳುವ ಮಾತಿರಬೇಕು ಎಂದು ಪಕ್ಕದಲ್ಲಿ ಸೇರಿಸಿದ.

ಈ ಭಾಗವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಕೋಲು ಎಂದರೆ ಏನೆಂದು ನಮ್ಮ ಕಡೆಯ ಮೂರು ವರ್ಷದ ಮಗುವಿಗೂ ಗೊತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಬರೆದ. ನಾನೂರು ವರ್ಷದ ಹಿಂದಿನ ಮಲೆನಾಡಿನ ಒಂದು ಸಂಜೆಯ ದನಿ ಹಾಗೆ ಉಳಿಯಿತು.

ಇಲ್ಲಿ ನೋಡಲು ಏನಿದೆ?

ಕಾರ್ತಿಕ ಬಂತೆಂದರೆ ಆಗುಂಬೆಗೆ ಜನ ಬರುತ್ತಾರೆ. ಮಳೆ ನಿಂತು, ಘಟ್ಟದ ಮಂಜು ತೆಳುವಾಗಿ, ಸೂರ್ಯಾಸ್ತದ ಕಟ್ಟೆಯಿಂದ ಪಡುವಣದ ಕಡಲು ಗೆರೆ ಎಳೆದಂತೆ ಕಾಣುವ ದಿನಗಳು ಇವು. ಬಂದವರು ಬಸ್‌ಸ್ಟ್ಯಾಂಡಿನ ಬಳಿ ಕೇಳುವ ಪ್ರಶ್ನೆ ಒಂದೇ: ಇಲ್ಲಿ ನೋಡಲು ಏನೇನಿದೆ? ಜೋಗಿಗುಂಡಿ, ಒನಕೆ ಅಬ್ಬಿ, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ದೊಡ್ಡಮನೆ ಎಂದು ಊರವರು ಬೆರಳು ಮಡಚಿ ಹೇಳುತ್ತಾರೆ. ಬಂದವರು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಕತ್ತಲಾಗುವ ಮೊದಲು ಘಟ್ಟ ಇಳಿಯುತ್ತಾರೆ.

ಈ ಸೀಮೆಗೆ ಬರೀ ನೋಡುವುದಕ್ಕೆಂದೇ ಬಂದು, ನೋಡಿದ್ದನ್ನೆಲ್ಲ ಬರೆದಿಟ್ಟ ಪರದೇಶಿಗಳಲ್ಲಿ ದೆಲ್ಲಾ ವಾಲ್ಲೆಗೆ ಸಮನಾದವನನ್ನು ನಾನು ಕಂಡಿಲ್ಲ. ಅವನು ವ್ಯಾಪಾರಕ್ಕೆ ಬಂದವನಲ್ಲ, ಮತಪ್ರಚಾರಕ್ಕೆ ಬಂದವನಲ್ಲ, ದಂಡಿನವನೂ ಅಲ್ಲ. ಸಿರಿವಂತ ಮನೆತನದವನು. ಜಗತ್ತು ನೋಡಬೇಕೆಂಬ ಒಂದೇ ಹಟ. ಆಗ ಈ ಸೀಮೆಯಲ್ಲಿ ನೋಡಬೇಕಾದ ದೊಡ್ಡ ಪಟ್ಟಣ ಎಂದರೆ ಇಕ್ಕೇರಿ, ಕೆಳದಿ ಅರಸರ ರಾಜಧಾನಿ.

> ಯಾರೀತ?
> ಪಿಯೆತ್ರೊ ದೆಲ್ಲಾ ವಾಲ್ಲೆ ಹುಟ್ಟಿದ್ದು 1586ರಲ್ಲಿ, ರೋಮಿನಲ್ಲಿ. 1614ರ ಜೂನ್‌ನಲ್ಲಿ ವೆನಿಸ್‌ನಿಂದ ಹಡಗು ಹತ್ತಿ ಹೊರಟವನು ಮನೆಗೆ ಮರಳಿದ್ದು ಹನ್ನೆರಡು ವರ್ಷದ ಮೇಲೆ. ಇಸ್ತಾಂಬುಲ್, ಈಜಿಪ್ಟ್, ಜೆರುಸಲೆಮ್, ಬಾಗ್ದಾದ್, ಪರ್ಷಿಯಾ ಸುತ್ತಿ 1623ರ ಆರಂಭದಲ್ಲಿ ಸೂರತ್ತಿಗೆ ಬಂದಿಳಿದ. ಪರ್ಸೆಪೊಲಿಸ್‌ನ ಬೆಣೆಲಿಪಿಯ ಅಕ್ಷರಗಳನ್ನು ಬರೆದುಕೊಂಡು ಯುರೋಪಿಗೆ ಮೊದಲು ತೋರಿಸಿದವರಲ್ಲಿ ಒಬ್ಬ. ಕಂಡದ್ದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಕಾಗದ ಬರೆಯುತ್ತಿದ್ದ. ಇಕ್ಕೇರಿಯ ಕಾಗದದ ತಾರೀಕು 1623 ನವೆಂಬರ್ 22. ಅವನು ತೀರಿಕೊಂಡದ್ದು 1652ರಲ್ಲಿ. ಭಾರತದ ಕಾಗದಗಳು ಇಟಲಿಯಲ್ಲಿ ಅಚ್ಚಾದದ್ದು 1663ರಲ್ಲಿ, ಇಂಗ್ಲಿಷಿಗೆ ಬಂದದ್ದು 1665ರಲ್ಲಿ.

ಮೆಣಸಿನ ದಾರಿ

1623ರ ಅಕ್ಟೋಬರ್ 14. ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಗೆ ಹೊರಟ. ಹೋಗಿ ಕಾಣಬೇಕಾದದ್ದು ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು. ಪೋರ್ಚುಗೀಸರಿಗೆ ಆಗ ಕಷ್ಟಕಾಲ. ಹಿಂದಿನ ವರ್ಷವೇ ಹಾರ್ಮುಜ್ ಕೈಬಿಟ್ಟಿತ್ತು, ಕಡಲಲ್ಲಿ ಡಚ್ಚರು, ಇಂಗ್ಲಿಷರು ಬೆನ್ನು ಹತ್ತಿದ್ದರು. ಇತ್ತ ವೆಂಕಟಪ್ಪ ನಾಯಕ ಅವರ ಗೆಳೆಯನಾಗಿದ್ದ ಮಂಗಳೂರು ಕಡೆಯ ಬಂಗ ಅರಸನನ್ನು ಸೋಲಿಸಿದ್ದ. ಆದರೂ ಅವನ ಸೀಮೆಯ ಕರಿಮೆಣಸು ಅವರಿಗೆ ಬೇಕಿತ್ತು. ದೆಲ್ಲಾ ವಾಲ್ಲೆ ಆ ರಾಯಭಾರಿಯ ಜತೆ ಸೇರಿಕೊಂಡ. ರಾಜಕಾರಣ ಅವರದು, ನೋಟ ತನ್ನದು.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ. ನದಿಯ ಎರಡೂ ದಡದ ಹಸಿರನ್ನು ಅವನು ಬಾಯ್ತುಂಬ ಹೊಗಳುತ್ತಾನೆ. ಶರಾವತಿ ಹುಟ್ಟುವುದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅದು ಕಡಲು ಸೇರುವ ಕಡೆಯಿಂದ ಒಬ್ಬ ರೋಮಿನವನು ದೋಣಿ ಹತ್ತಿ, ಹೊಗಳುತ್ತ ಬರುತ್ತಿದ್ದಾನೆ ಎಂದು ನೆನೆದರೆ ಆಗುಂಬೆಯವನಾದ ನನಗೆ ಹೆಮ್ಮೆ.

ಗೇರುಸೊಪ್ಪೆ ಆಗಲೇ ಪಾಳುಬಿದ್ದಿತ್ತು. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆಯುತ್ತಿದ್ದ ಚೆನ್ನಭೈರಾದೇವಿಯ ಪಟ್ಟಣ ಅದು. ಅದನ್ನು ಗೆದ್ದವನು ಅವರೀಗ ಕಾಣಹೊರಟಿದ್ದ ಇದೇ ವೆಂಕಟಪ್ಪ ನಾಯಕ.

ಅಲ್ಲಿಂದ ಘಟ್ಟ. ತನ್ನ ನಾಡಿನ ಅಪೆನೈನ್ ಬೆಟ್ಟಗಳನ್ನು ನೆನೆದುಕೊಂಡು ಈ ಕಾಡಿನ ಚೆಲುವನ್ನು ಅವನು ಅಳೆಯುತ್ತಾನೆ. ಮೇಲೆ ಗೋವರ್ಧನಗಿರಿಯ ಕೋಟೆ, ಅಲ್ಲೊಂದು ಹನುಮಂತನ ಗುಡಿ. ಪ್ರಯಾಣದ ನಡುವೆ ಅಲ್ಲಿ ತಂಗಿದರು. ಅವನ ಇಡೀ ಪ್ರವಾಸದಲ್ಲಿ ನನಗೆ ತೀರ ಇಷ್ಟವಾದ ನೋಟ ಆ ಗುಡಿಯ ಜಗಲಿಯದು.

ಮರಳ ಮೇಲೆ ಮಗ್ಗಿ

ಜಗಲಿಯಲ್ಲಿ ನಾಲ್ಕು ಹುಡುಗರು ಕುಳಿತಿದ್ದಾರೆ. ಮೇಷ್ಟ್ರಿಲ್ಲ. ನೆಲಕ್ಕೆ ನುಣ್ಣನೆ ಮರಳು ಹರಡಿದೆ. ಒಬ್ಬ ಹುಡುಗ ರಾಗವಾಗಿ ಲೆಕ್ಕದ ಒಂದು ಮಾತು ಹೇಳುತ್ತಾನೆ, ಹೇಳುತ್ತಲೇ ಬೆರಳಿಂದ ಮರಳಲ್ಲಿ ಆ ಅಂಕಿ ಬರೆಯುತ್ತಾನೆ. ಉಳಿದ ಮೂವರೂ ಅದನ್ನೇ ಹಾಡಿ, ಅದನ್ನೇ ಬರೆಯುತ್ತಾರೆ. ಮತ್ತೆ ಮೊದಲನೆಯವನು ಮುಂದಿನದನ್ನು ಎತ್ತುತ್ತಾನೆ. ಮರಳು ತುಂಬಿತೋ, ಅಂಗೈಯಲ್ಲಿ ಸವರಿ ಹೊಸ ಮರಳು ಚೆಲ್ಲಿ ಮತ್ತೆ ಶುರು.

ದೆಲ್ಲಾ ವಾಲ್ಲೆಗೆ ಕುತೂಹಲ. ಮೇಷ್ಟ್ರಿಲ್ಲದೆ ಹೇಗೆ? ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿಸಿದ. ಹುಡುಗರು ಕೊಟ್ಟ ಉತ್ತರವನ್ನೂ ಬರೆದಿಟ್ಟಿದ್ದಾನೆ: ನಾಲ್ಕೂ ಜನ ಒಂದೇ ಜಾಗದಲ್ಲಿ ತಪ್ಪುವುದು ಆಗದ ಮಾತು, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ, ಅದಕ್ಕೇ ಕೂಡಿ ಕಲಿಯುತ್ತೇವೆ.

ಎಂಥ ಜಾಣ ಮಾತು! ರಾಗವಾಗಿ ಹೇಳಿದ್ದು ನೆನಪಲ್ಲಿ ಬೇರೂರುತ್ತದೆ, ಈ ಹುಡುಗರು ಕಾಗದ ಹಾಳುಮಾಡದೆ ಕಲಿಯುತ್ತಾರೆ ಎಂದು ಆ ಪಂಡಿತ ತಲೆದೂಗಿದ. ನಮ್ಮ ಶಾಲೆಯಲ್ಲಿ ಸಂಜೆ ಗಂಟೆ ಹೊಡೆಯುವ ಮುಂಚೆ ನಲವತ್ತು ಮಕ್ಕಳು ಒಕ್ಕೊರಲಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆವು. ಒಂದೊಂದ್ಲ ಒಂದು ಎಂದು ಮೊದಲಾಗುವ ಆ ರಾಗ ಯಾರೂ ಕಲಿಸದೆ ಬಂದಿತ್ತು. ಅದರ ಬೇರು ಎಷ್ಟು ಆಳದಲ್ಲಿದೆ ಎಂದು ನನಗೆ ತಿಳಿದದ್ದು ಈ ಇಟಲಿಯವನಿಂದ.

ಗೋವರ್ಧನಗಿರಿಯಿಂದ ಇಕ್ಕೇರಿಗೆ ಅವನು ನಡೆದ ಹಾದಿಯ ಒಂದಷ್ಟು ಭಾಗ ಇಂದು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿರಬೇಕು ಎಂಬುದು ನನ್ನ ಊಹೆ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಆ ಕಡೆಯ ಊರುಗಳು ಲಾಂಚು ನಂಬಿಕೊಂಡು ಬದುಕಿದವು. ಸಿಗಂದೂರಿಗೆ ಸೇತುವೆ ಆದದ್ದು 2025ರ ಜುಲೈನಲ್ಲಿ, ತೀರ ಈಚೆಗೆ.

ಊರೋ, ತೋಪೋ?

ಇಕ್ಕೇರಿಯನ್ನು ಹೊಕ್ಕ ಬಗೆಯನ್ನು ಅವನು ಬಾಗಿಲು ಬಾಗಿಲಾಗಿ ಹೇಳುತ್ತಾನೆ. ಮೂರು ಹೆಬ್ಬಾಗಿಲು, ಮೂರು ಸುತ್ತು. ಹೊರಗಿನ ಎರಡು ಸುತ್ತು ಕಲ್ಲಿನದಲ್ಲ, ಮಣ್ಣಿನದಲ್ಲ. ಒತ್ತಾಗಿ ನೆಟ್ಟು ಎತ್ತರಕ್ಕೆ ಬೆಳೆಸಿದ ಬಿದಿರುಮೆಳೆ! ಕಾಲಾಳು ನುಗ್ಗಲಾರ, ಕುದುರೆ ನುಗ್ಗಲಾರದು. ಕಡಿಯುವುದು ಕಷ್ಟ, ಬೆಂಕಿಯ ಭಯವಿಲ್ಲ. ಮೇಲೆ ಬಳ್ಳಿ ಹಬ್ಬಿ ತಂಪು ನೆರಳು ಬೇರೆ. ಒಳಗಿನ ಮೂರನೆಯದು ಗೋಡೆ, ಅದು ಅವನ ಕಣ್ಣಿಗೆ ಅಷ್ಟೇನೂ ಗಟ್ಟಿಯಾಗಿ ಕಾಣಲಿಲ್ಲ.

ಬೆಟ್ಟು, ಬ್ಯಾಣ, ಹಿತ್ತಿಲಿಗೆಲ್ಲ ಇಂದಿಗೂ ಬಿದಿರು, ಗಿಡಗಂಟಿಗಳ ಜೀವಂತ ಬೇಲಿ ಕಟ್ಟುವವರು ನಾವು. ರಾಜಧಾನಿಗೂ ಅದೇ ಬೇಲಿ ಎಂದರೆ ಆ ಅರಸರು ಈ ಮಣ್ಣನ್ನು ಬಲ್ಲವರು. ಮಳೆಗೆ ಕರಗುವ ಗೋಡೆಗಿಂತ ಮಳೆಗೆ ಚಿಗುರುವ ಗೋಡೆ ಲೇಸೆಂದು ಅವರಿಗೆ ತಿಳಿದಿತ್ತು.

ಒಳಗೆ ನೋಡಿದರೆ ಉದ್ದಾನುದ್ದ ಬೀದಿ, ಬೀದಿಗೆ ದೊಡ್ಡ ಮರಗಳ ನೆರಳು. ಅಲ್ಲಲ್ಲಿ ಕೆರೆ, ಗದ್ದೆ, ತೋಪು. ಮನೆಗಳು ದೂರದೂರ, ಕಟ್ಟಡದಲ್ಲಿ ಅಂಥ ಹೆಚ್ಚುಗಾರಿಕೆ ಇಲ್ಲ ಎಂದೂ ಹೇಳಿಬಿಡುತ್ತಾನೆ. ಆದರೆ ಪಟ್ಟಣ, ಕೆರೆ, ಹೊಲ, ಕಾಡು ಎಲ್ಲ ಕಲೆತು ನೋಡಲು ಬಲು ಚೆಲುವು ಎಂಬುದು ಅವನ ತೀರ್ಪು. ರೋಮ್, ಇಸ್ತಾಂಬುಲ್, ಇಸ್ಫಹಾನ್ ಕಂಡ ಕಣ್ಣು ಅದು. ಮುಖಸ್ತುತಿ ಮಾಡಿ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಕಾಗದ ಹೋಗುತ್ತಿದ್ದದ್ದು ನೇಪಲ್ಸಿಗೆ.

ಮನೆಯಿಂದ ಮನೆಗೆ ತೋಟ ದಾಟಿ ಹೋಗುವ ಊರು ಮಲೆನಾಡಿನ ಊರು. ರಾಜಧಾನಿಯೂ ಹಾಗೇ ಇತ್ತು. ಒತ್ತೊತ್ತಾಗಿ ಕಟ್ಟಿದರೆ ಮಾತ್ರ ಪಟ್ಟಣ ಎಂಬ ಇಂದಿನ ಲೆಕ್ಕದಲ್ಲಿ ಇಕ್ಕೇರಿ ಪಟ್ಟಣವೇ ಅಲ್ಲ. ಆ ಲೆಕ್ಕವೇ ತಪ್ಪೆಂದು ನನಗೆ ಅನಿಸುತ್ತದೆ.

ಮೂವತ್ತೆರಡು ಕೈ

ಇಕ್ಕೇರಿಯ ದೊಡ್ಡ ದೇವರು ಅಘೋರೇಶ್ವರ. ಆ ಹೆಸರನ್ನೂ ಅವನು ಬರೆದುಕೊಂಡಿದ್ದಾನೆ. ವಿಗ್ರಹಕ್ಕೆ ಒಂದು ತಲೆ, ಒಂದೊಂದು ಪಕ್ಕಕ್ಕೆ ಹದಿನಾರರಂತೆ ಮೂವತ್ತೆರಡು ಕೈ.

ಕಳೆದ ಕಾರ್ತಿಕದಲ್ಲಿ ನಾನು ಆ ಕಾಗದದ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಆಗುಂಬೆಯಿಂದ ತೀರ್ಥಹಳ್ಳಿ, ಹೊಸನಗರ, ಸಾಗರ. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಸಾಗರ ಸಿಗುತ್ತದೆ. ದಾರಿಯುದ್ದಕ್ಕೂ ಅಡಿಕೆಯ ಕೊನೆ ಕೊಯ್ಲು, ಅಂಗಳದಲ್ಲಿ ಬೇಯಿಸಿದ ಅಡಿಕೆಯ ಚೊಗರು ವಾಸನೆ.

ಗುಡಿಯೊಳಗೆ ಆ ಮೂರ್ತಿ ಈಗಿಲ್ಲ, ಲಿಂಗವಿದೆ. ಆದರೆ ಪೀಠ ಇದೆ. ಗರ್ಭಗುಡಿಯ ಬಹುಭಾಗವನ್ನು ತುಂಬಿಕೊಂಡ ಕಲ್ಲಿನ ಪೀಠ, ಸುತ್ತಲೂ ಕುಳಿತ ಭಂಗಿಯಲ್ಲಿ ದೇವಿಯರು. ಎಣಿಸಿದೆ. ಮೂವತ್ತೆರಡು. ಮೂರ್ತಿಯ ಮೂವತ್ತೆರಡು ಕೈಗೂ ಈ ಮೂವತ್ತೆರಡು ದೇವಿಯರಿಗೂ ನಂಟಿದ್ದೀತು ಎಂದು ಮನಸ್ಸು ಹೇಳಿತು. ನಾನೂರು ವರ್ಷದ ಹಿಂದೆ ದೂರದ ಊರಿನವನೊಬ್ಬ ಕೊಟ್ಟ ಲೆಕ್ಕ, ಇಂದು ಕಲ್ಲು ಕೊಡುವ ಲೆಕ್ಕ, ಎರಡೂ ಒಂದಕ್ಕೊಂದು ಕೂಡಿದವು.

ಹೊರಗೆ ಬಂದರೆ ಎದುರಿಗೆ ನಂದಿಮಂಟಪ, ಆಚೆಗೆ ತೋಟ. ಅರಮನೆ ಇಲ್ಲ. ಮರ, ಮಣ್ಣಿನಲ್ಲಿ ಕಟ್ಟಿ ಕೆತ್ತನೆ ಮಾಡಿದ್ದ ಅರಮನೆ ಅದು, ಮಣ್ಣಿಗೇ ಹೋಯಿತು. ಕಾಗದ ಕೈಯಲ್ಲಿ ಹಿಡಿದು ಕೋಲಾಟದ ಬೀದಿ ಎಲ್ಲಿದ್ದೀತು ಎಂದು ಹುಡುಕುತ್ತ ಸಂಜೆತನಕ ಓಡಾಡಿದೆ.

> ಇಕ್ಕೇರಿ: ಅಂದು, ಇಂದು
> ಕೆಳದಿ ಅರಸರ ಮೊದಲ ರಾಜಧಾನಿ ಕೆಳದಿ, ಆಮೇಲೆ ಇಕ್ಕೇರಿ. 1637ರಲ್ಲಿ ಬಿಜಾಪುರದ ದಂಡು ಇಕ್ಕೇರಿಯ ಮೇಲೆ ಬಿತ್ತು. ಅದಾದ ಮೇಲೆ ರಾಜಧಾನಿ ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಯಿತು. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದ.
> ಅಘೋರೇಶ್ವರ ಗುಡಿಯ ನೆಲದಲ್ಲಿ ಅಡ್ಡಬಿದ್ದ ಮೂವರು ನಾಯಕರ ರೂಪಗಳಿವೆ, ಹೆಸರೂ ಕೊರೆದಿದೆ: ಸದಾಶಿವ ನಾಯಕ, ಭದ್ರ ನಾಯಕ, ಹುಚ್ಚ ಸಂಕಣ್ಣ ನಾಯಕ.
> ಗುಡಿಯ ನಡುಗಂಬಗಳ ನಡುವಿನ ಅಂತರವೇ ಒಂದು ಕಾಲದಲ್ಲಿ ಅಡಿಕೆ ತೋಟ ಅಳೆಯುವ ಗೋಲಾಗಿತ್ತು. 18 ಅಡಿ 6 ಅಂಗುಲ.
> ಸಾಗರ ಪೇಟೆಯಿಂದ ಇಕ್ಕೇರಿ ಐದಾರು ಕಿಲೋಮೀಟರು. ಬೆಂಗಳೂರಿನಿಂದ ಬರುವವರಿಗೆ ಸಾಗರದ ತನಕ ರೈಲಿದೆ.

ಪೆಟ್ಟಿಗೆಯಲ್ಲಿ ಹೆಂಡತಿ

ದೆಲ್ಲಾ ವಾಲ್ಲೆಯ ಬದುಕಿನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅದನ್ನು ತಿಳಿಯದೆ ಇಕ್ಕೇರಿಯಲ್ಲಿ ಅವನು ಕಂಡ ಕೊನೆಯ ನೋಟ ಪೂರ್ತಿ ತಿಳಿಯುವುದಿಲ್ಲ.

1616ರಲ್ಲಿ ಬಾಗ್ದಾದಿನಲ್ಲಿ ಅವನು ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಆಕೆ ಅವನ ಜತೆ ಪರ್ಷಿಯಾ ಸುತ್ತಿದಳು. 1621ರ ಕೊನೆಯಲ್ಲಿ, ಭಾರತಕ್ಕೆ ಹಡಗು ಹತ್ತುವ ಮೊದಲೇ, ಪರ್ಷಿಯಾದ ಕರಾವಳಿಯ ಬಳಿ ಜ್ವರದಿಂದ ತೀರಿಕೊಂಡಳು. ಅವನು ಆಕೆಯನ್ನು ಅಲ್ಲಿ ಮಣ್ಣುಮಾಡಲಿಲ್ಲ. ಕರ್ಪೂರ ಹಾಕಿ ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಜತೆಗೇ ಹೊತ್ತು ನಡೆದ. ಹಡಗಿನವರು ಹೆಣವಿದೆಯೆಂದರೆ ಹತ್ತಿಸಿಕೊಳ್ಳುವುದಿಲ್ಲ ಎಂದು ಬಟ್ಟೆಬರೆಯ ನಡುವೆ ಬಚ್ಚಿಟ್ಟ. ಐದು ವರ್ಷಕ್ಕೂ ಮಿಕ್ಕಿ ಕಾದು, 1627ರಲ್ಲಿ ರೋಮಿನ ಅರಾಚೆಲಿ ಇಗರ್ಜಿಯಲ್ಲಿ, ತನ್ನ ಮನೆತನದ ಸಮಾಧಿಯಲ್ಲಿ ಆಕೆಯನ್ನು ಮಲಗಿಸಿದ.

ಇಕ್ಕೇರಿಯ ಬೀದಿಯಲ್ಲಿ ನಿಂತಿದ್ದವನು ಹೆಂಡತಿಯನ್ನು ಕಳೆದುಕೊಂಡು ಎರಡು ವರ್ಷ ತುಂಬದ ಗಂಡಸು.

ಜಕ್ಕಮ್ಮನ ಅಂಗಳದಲ್ಲಿ

ಒಂದು ರಾತ್ರಿ ಬಿಡಾರಕ್ಕೆ ಮರಳುವಾಗ ಎದುರಿಗೆ ಕುದುರೆಯ ಮೇಲೊಬ್ಬ ಹೆಂಗಸು ಬಂದಳು. ಮುಖಕ್ಕೆ ಮುಸುಕಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತ, ಕರುಳು ಹಿಂಡುವ ದನಿಯಲ್ಲಿ ಏನೋ ಹಾಡಿಕೊಳ್ಳುತ್ತ ಹೋದಳು. ಲೋಕಕ್ಕೂ ತನಗೂ ವಿದಾಯ ಹೇಳುವ ಮಾತು ಅದು ಎಂದು ಜತೆಯವರು ತಿಳಿಸಿದರು. ಗಂಡ ಸತ್ತಿದ್ದಾನೆ, ಈಕೆ ಸಹಗಮನ ಮಾಡುವವಳು.

ನವೆಂಬರ್ 16ರಂದು ಅವನು ಆಕೆಯ ಮನೆಗೇ ಹೋದ. ಅಂಗಳದಲ್ಲಿ ಡೋಲು ಬಡಿಯುತ್ತಿದ್ದವರ ನಡುವೆ ಕುಳಿತಿದ್ದಳು. ಬಿಳಿ ಸೀರೆ, ಮೈತುಂಬ ಚಿನ್ನ, ತಲೆಯ ಮೇಲೆ ಸೂರ್ಯನ ಕಿರಣದಂತೆ ಚಾಚಿದ ಹೂವಿನ ಕಿರೀಟ. ಕೈಯಲ್ಲಿ ಅದೇ ನಿಂಬೆಹಣ್ಣು. ಮದುವಣಗಿತ್ತಿಯ ಹಾಗೆ ನಗುತ್ತ ಮಾತಾಡುತ್ತಿದ್ದಳು.

ದುಭಾಷಿಯ ಮೂಲಕ ಹೆಸರು ಕೇಳಿದ. ಅವನು ಬರೆದುಕೊಂಡದ್ದನ್ನು ಇಟಲಿಯವರ ಹಾಗೆ ಓದಿದರೆ ಅದು ಜಕ್ಕಮ್ಮ. ತೆಲುಗರ ಪೈಕಿಯವಳು, ಗಂಡ ಡೋಲು ಬಡಿಯುವವನು. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದ. ನನ್ನಿಷ್ಟ, ಯಾರ ಒತ್ತಾಯವೂ ಇಲ್ಲ ಎಂದಳು. ಚಿಕ್ಕ ಮಕ್ಕಳಿದ್ದರು. ಅವರನ್ನು ತೋರಿಸಿ ಇವರ ಗತಿ ಏನು ಎಂದ. ಮಾವ ನೋಡಿಕೊಳ್ಳುತ್ತಾನೆ, ಗಂಡನ ಇನ್ನಿಬ್ಬರು ಹೆಂಡಿರೂ ಇದ್ದಾರೆ ಎಂದಳು. ಆ ಮಾವ ಪಕ್ಕದಲ್ಲೇ ಇದ್ದ, ಅವನೂ ಗೆಲುವಾಗಿಯೇ ಮಾತಾಡಿದ.

ಬೇಡವೆಂದು ದೆಲ್ಲಾ ವಾಲ್ಲೆ ತನ್ನ ಕೈಲಾದಷ್ಟು ಹೇಳಿ ನೋಡಿದ. ಆಕೆ ಕೇಳಲಿಲ್ಲ. ಕೊನೆಗೆ, ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದ. ಅವಳ ಮೇಲೆ ಪದ್ಯವನ್ನೂ ಕಟ್ಟಿದ.

ಈ ಪುಟಗಳನ್ನು ನಾನು ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತದೆ. ಸತ್ತ ಹೆಂಡತಿಯನ್ನು ಬಿಡಲಾರದವನು, ಸತ್ತ ಗಂಡನ ಹಿಂದೆ ಹೊರಟವಳಿಗೆ ಬದುಕು ಎಂದು ಹೇಳುತ್ತಿದ್ದಾನೆ. ನನ್ನಿಷ್ಟ ಎಂದು ಅವಳಂದದ್ದನ್ನು ನಾನು ನಂಬಲಾರೆ. ಸುತ್ತ ಡೋಲು ಬಡಿಯುತ್ತಿರುವಾಗ, ಮನೆಯವರೆಲ್ಲ ಮುಖ ನೋಡುತ್ತ ನಿಂತಿರುವಾಗ, ಹೆಣ್ಣೊಬ್ಬಳು ಬೇರೆ ಏನು ಹೇಳಿಯಾಳು? ಬ್ರಿಟಿಷರ ಆಳ್ವಿಕೆಯ ನೆಲದಲ್ಲಿ ಈ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸತೊಡಗಿದ್ದು 1829ರಲ್ಲಿ. ಜಕ್ಕಮ್ಮನ ಅಂಗಳದಿಂದ ಅಲ್ಲಿಗೆ ಇನ್ನೂರಾರು ವರ್ಷ.

ನವೆಂಬರ್ ಮುಗಿಯುವ ಹೊತ್ತಿಗೆ ಅವನು ಇಕ್ಕೇರಿ ಬಿಟ್ಟು, ಘಟ್ಟ ಇಳಿದು, ಬಸರೂರಿನ ಮೇಲೆ ಮಂಗಳೂರಿಗೆ ಹೋದ. ಅಲ್ಲಿ ಉಳ್ಳಾಲದ ರಾಣಿಯನ್ನು ಕಂಡದ್ದು ಬೇರೆಯೇ ಒಂದು ಕಥೆ.

ಕೆಳದಿಯ ಅರಸರ ಬಗ್ಗೆ ನಮಗೆ ಶಾಸನಗಳಿವೆ, ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಇದೆ. ಯಾವ ಅರಸ ಯಾರನ್ನು ಗೆದ್ದ, ಯಾವ ಮಠಕ್ಕೆ ಏನು ಉಂಬಳಿ ಬಿಟ್ಟ, ಎಲ್ಲ ಅಲ್ಲಿ ಸಿಗುತ್ತದೆ. ಮರಳಲ್ಲಿ ಲೆಕ್ಕ ಬರೆದ ನಾಲ್ಕು ಹುಡುಗರು, ಕೋಲೆ ಎಂದು ಹಾಡಿದ ಹುಡುಗಿಯರು, ಡೋಲಿನವನ ಹೆಂಡತಿ ಅಲ್ಲಿಲ್ಲ. ದಿನಾ ಕಾಣುವುದನ್ನು ಬರೆಯಬೇಕೆಂದು ಊರವರಿಗೆ ತೋಚುವುದಿಲ್ಲ. ಈಗ ಆಗುಂಬೆಯ ಕಟ್ಟೆಯ ಮೇಲೆ ಯಾರಾದರೂ ಫೋನು ಹಿಡಿದು, ಅಂಗಡಿಯಲ್ಲಿ ಕುಳಿತ ಅಜ್ಜನನ್ನೋ ಕಂಬಳಿಕೊಪ್ಪೆಯನ್ನೋ ಫೋಟೋ ತೆಗೆಯುತ್ತಿದ್ದರೆ ನಾನು ಬೇಸರಪಡುವುದಿಲ್ಲ. ಹೆಸರನ್ನೂ ಕೇಳಿ ಬರೆದುಕೊಳ್ಳಿ ಎಂದು ಹೇಳುತ್ತೇನೆ.

ಇಕ್ಕೇರಿಯಿಂದ ಮರಳುವಾಗ ಹೊಸನಗರ ದಾಟಿದ ಮೇಲೆ, ತೋಟದ ಬೇಲಿಯ ಪಕ್ಕ ಒಂದು ಮಾಸ್ತಿಕಲ್ಲು ಕಂಡಿತು, ಸಹಗಮನ ಮಾಡಿದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಇಳಿದು ನೋಡುತ್ತಿದ್ದೆ. ತೋಟದಿಂದ ಒಬ್ಬ ಹಿರಿಯರು ಕತ್ತಿ ಹಿಡಿದು ಬಂದರು.

"ಯಾರ ಕಲ್ಲು ಅಜ್ಜ ಇದು?"

"ಹೆಸರು ಯಾರಿಗ್ ಗೊತ್ತು ಮಾರಾಯ್ರೆ. ಮಾಸ್ತಿಯಮ್ಮ ಅಂತೀವಿ. ಹಬ್ಬಕ್ಕೆ ಒಂದು ಹೂವು ಇಡ್ತೀವಿ."

ಅವರು ಬಾಳೆಯ ಹಾಳೆ ಕೊಟ್ಟರು. ಅದರಲ್ಲಿ ಪಾಚಿ ಒರೆಸಿದೆ. ಮೊಣಕೈ ಮಡಚಿ ಎತ್ತಿದ ತೋಳು, ತೋಳಿಗೆ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಕೆಳಗೆ ಕುಳಿತ ಹೆಂಗಸಿನ ಇನ್ನೊಂದು ಕೈಯಲ್ಲಿ ದುಂಡನೆಯ ಕನ್ನಡಿ. ಕಲ್ಲಿನ ಅಡಿಯ ತನಕ ಮಣ್ಣು ಸರಿಸಿ ಹುಡುಕಿದೆ. ಅಕ್ಷರ ಇರಲಿಲ್ಲ.